ಫಕೀರವ್ವನ ಒಲೆಗೆ ನಾನು ಹಾಕಿಸಿದ ಕೊಳವೆ

ಯಲಬುರ್ಗಾದಲ್ಲಿ ನನ್ನ ಮೊದಲ ಬೆಳಗು ನಾನೇ ಎಬ್ಬಿಸಿದ ಗದ್ದಲದಿಂದ ಶುರುವಾಯಿತು. ಕಣ್ಣು ಬಿಟ್ಟರೆ ಎದುರಿನ ಗೋಡೆ ಇಲ್ಲ. ತಲೆಯ ಮೇಲಿನ ತೊಲೆ ಇಲ್ಲ. ಬೂದು ಬಣ್ಣದ ಮೋಡವೊಂದು ಸೊಂಟದ ಮಟ್ಟಕ್ಕೆ ಇಳಿದು ನಿಂತಿದೆ, ಅದರ ಕೆಳಗೆ ಎಮ್ಮೆಯ ನಾಲ್ಕು ಕಾಲು ಮಾತ್ರ ಕಾಣುತ್ತಿವೆ. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಕಿರುಚುತ್ತ ಬರಿಗಾಲಲ್ಲಿ ಬೀದಿಗೆ ಓಡಿದೆ. ಅಕ್ಕಪಕ್ಕದವರು ನೀರಿನ ಕೊಡ ಹಿಡಿದು ಬಂದೇಬಿಟ್ಟರು. ಆಗ ಮನೆಯೊಡತಿ ಫಕೀರವ್ವ, ಐವತ್ತು ದಾಟಿದ ಎತ್ತರದ ಹೆಂಗಸು, ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದರು.

"ಬೆಂಕಿ ಎಲ್ಲಿ ಐತ್ರಿ ಅಕ್ಕೋರ?"

"ಒಳಗೆ! ಹೊಗೆ ನೋಡಿ!"

"ಒಲಿಯೊಳಗ ಐತಲ್ಲ ಬೆಂಕಿ. ಮತ್ತೆಲ್ಲಿರಬೇಕು ಅದು?"

ಪಕ್ಕದ ಮನೆಯ ನೀಲವ್ವ ಕೊಡವನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಮೈಸೂರಾಗ ಒಲಿ ಹಚ್ಚೂದಿಲ್ಲೇನ್ರಿ? ಎಲ್ಲಾ ಹಸೀದ ತಿಂತಾರೇನು?"

ಅಂದು ಇಡೀ ಓಣಿ ನಕ್ಕಿತು. ಶಾಲೆಗೆ ಹೋಗುವ ಹೊತ್ತಿಗೆ ಈ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಇಲ್ಲಿ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಬಂದ ಮರುದಿನದಿಂದಲೇ ನಾನು ಬೆಂಕಿ ಅಕ್ಕೋರು ಆದೆ.

ಇದನ್ನು ಓದುವ ಮೈಸೂರಿನ ಗೆಳತಿಯರಲ್ಲಿ ಹಲವರಿಗೆ ನಾನು ಕಾಲೇಜಿನ ಚರ್ಚಾಕೂಟದಲ್ಲಿ ಮೇಜು ಗುದ್ದುತ್ತಿದ್ದವಳಾಗಿ ನೆನಪಿರಬಹುದು. ಪುರಾತನ ಆಚಾರಗಳ ಪರವಾಗಿ ಮಾತಾಡಿದ ಹುಡುಗನೊಬ್ಬನ ಬಾಯಿಯನ್ನು ವೇದಿಕೆಯ ಮೇಲೆ ಮುಚ್ಚಿಸಿ ಬೆಳ್ಳಿ ಬಟ್ಟಲು ಗೆದ್ದವಳು ನಾನೇ. ಪದವಿ ಮುಗಿದ ಕೂಡಲೇ ಮನೆಗೆ ವರಗಳು ಬರತೊಡಗಿದವು. ಆ ಹೊತ್ತಿಗೇ ನಿಜಾಮರ ಸೀಮೆಯ ಯಲಬುರ್ಗಾದಿಂದ ಒಂದು ಕಾಗದ ಬಂತು. ಅಲ್ಲಿ ಸರಕಾರಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಲು ಊರಿನ ಕೆಲವು ವ್ಯಾಪಾರಿಗಳು ಖಾನಗಿ ಶಾಲೆ, ಅಂದರೆ ತಮ್ಮದೇ ಖಾಸಗಿ ಶಾಲೆ, ತೆರೆದಿದ್ದರು. ನಾನು ಕನ್ನಡಸೇವೆಗೆ ಹೊರಟೆ ಎಂದು ನೀವೆಲ್ಲ ಹೊಗಳಿದಿರಿ. ನಿಜ ಹೇಳುತ್ತೇನೆ, ನಾನು ವರಗಳಿಂದ ತಪ್ಪಿಸಿಕೊಂಡು ಹೊರಟಿದ್ದೆ.

ಗಡಿಯಲ್ಲಿ ಸುಂಕದವನು ನನ್ನ ಟ್ರಂಕು ತೆಗೆಸಿ, ಒಬ್ಬ ಹೆಂಗಸಿಗೆ ಇಷ್ಟು ಪುಸ್ತಕ ಏಕೆ ಎಂದು ಕೇಳಿದ. ಓದಲು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ತಳದವರೆಗೂ ಕೈಹಾಕಿ ನೋಡಿದ. ಕೊಪ್ಪಳದಲ್ಲಿ ರೈಲು ಇಳಿದರೆ, ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುವ ಮೋಟಾರು. ಏರು ಬಂದಲ್ಲಿ ನಾವೆಲ್ಲ ಇಳಿದು ನಡೆಯಬೇಕು, ಇಳಿಜಾರಿನಲ್ಲಿ ಓಡಿ ಹತ್ತಬೇಕು.

ನಮ್ಮಲ್ಲಿ ಮನೆ ಎಂದರೆ ಹೆಂಚು. ಇಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ. ಸಂಜೆ ಅದೇ ಅಂಗಳ, ಬೇಸಿಗೆಯಲ್ಲಿ ಅದೇ ಮಲಗುವ ಕೋಣೆ. ನಮ್ಮಲ್ಲಿ ಹಸು ಹಿತ್ತಲಲ್ಲಿರುತ್ತದೆ. ಇಲ್ಲಿ ಮುಂಬಾಗಿಲು ದಾಟಿದರೆ ಮೊದಲು ದನಗಳು, ಅವುಗಳಿಗಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಮನುಷ್ಯರು. ಕಿಟಕಿ ಎಂಬುದೇ ಇಲ್ಲ. ಮಾಳಿಗೆಯಲ್ಲಿ ಕೈಯಗಲದ ಒಂದು ತೂತು, ಬೆಳಕಿಂಡಿ. ಬೆಳಕು ಬರುವ ದಾರಿಯೂ ಹೊಗೆ ಹೋಗುವ ದಾರಿಯೂ ಅದೊಂದೇ. ಊಟಕ್ಕೆ ಮೂರು ಹೊತ್ತೂ ಜೋಳದ ರೊಟ್ಟಿ. ಮೊದಲ ವಾರ ಅನ್ನ, ಸಾರು, ಕಾಫಿ ಎಂದು ನಿದ್ದೆಯಲ್ಲೂ ಕನವರಿಸಿದೆ. ಕಾಫಿ ಬಿಡಿ, ಕಾಫಿ ಗೊತ್ತಿರುವ ಒಂದು ಮುಖವೂ ಇಲ್ಲ. ನನ್ನ ಮಾತು ಕೇಳಿದರೆ ಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. "ಅಕ್ಕೋರು ಪುಸ್ತಕ ಮಾತಾಡಿದಂಗ ಮಾತಾಡ್ತಾರ" ಎಂದು ಅವರಲ್ಲಿ ಒಬ್ಬಳು ಹೇಳಿದಳು. ಅದನ್ನೇ ಹೊಗಳಿಕೆ ಎಂದುಕೊಂಡು ಎರಡು ದಿನ ಕಳೆದೆ.

ಹೊಗೆ ಮಾತ್ರ ರೂಢಿಯಾಗಲಿಲ್ಲ. ನಮ್ಮಲ್ಲಿ ಡಿಪೋದ ಸರ್ವೆ ಸೌದೆ ಒಣಗಿ ಗಣಗಣ ಎನ್ನುತ್ತದೆ. ಇಲ್ಲಿ ಉರುವಲು ಎಂದರೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸೆಗಣಿಯ ಕುಳ್ಳು. ಫಕೀರವ್ವನ ಸೊಸೆ ಶಾಂತವ್ವ ನನ್ನ ವಯಸ್ಸಿನವಳು. ದಿನಕ್ಕೆ ಎರಡು ಸಲ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣಿನ ಕೆಂಪು ಒಂದು ದಿನವೂ ಇಳಿದದ್ದನ್ನು ನಾನು ಕಾಣೆ. ಮಲಗಿದರೆ ಗೋಡೆಯಾಚೆಯಿಂದ ಅವಳ ಕೆಮ್ಮು. ಆ ಕೆಮ್ಮನ್ನು ಕೇಳುತ್ತ ಕೇಳುತ್ತ ನನಗೊಂದು ಯೋಜನೆ ಹುಟ್ಟಿತು. ನಮ್ಮ ಕಾಲೇಜಿನ ಹಾಸ್ಟೆಲಿನ ಅಡಿಗೆಮನೆಯಲ್ಲಿ ಕಲ್ಲು ಕಟ್ಟಿದ ಒಲೆಯಿತ್ತು. ಮೇಲೆ ಕಬ್ಬಿಣದ ಹಲಗೆ, ಪಾತ್ರೆ ಕೂರಲು ಅದರಲ್ಲಿ ಎರಡು ತೂತು, ಹಿಂದಿನಿಂದ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ. ಅಂಥದ್ದೊಂದನ್ನು ಇಲ್ಲಿ ಮಾಡಿಸಿದರೆ ಆಗದೆ?

ಸುಗ್ಗಿ ಮುಗಿದು ಜೋಳ ಮನೆಗೆ ಬಂದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ಈ ಮಾತು ತೆಗೆದೆ. ಶಾಂತವ್ವ, ಅವಳ ಗಂಡ, ನೀಲವ್ವ, ಇನ್ನೂ ಇಬ್ಬರು ಮೂವರು ಕೂತಿದ್ದರು. ಫಕೀರವ್ವ ಒಪ್ಪಲಿಲ್ಲ. ಅವರು ಎರಡು ಕಾರಣ ಕೊಟ್ಟರು, ಒಂದೇ ಉಸಿರಿನಲ್ಲಿ.

"ಒಲಿ ಹೊಗಿ ಮಾಳಿಗಿ ಮುಟ್ಟಬೇಕ್ರಿ. ಇಲ್ಲಂದ್ರ ಹಿರಿಯಾರು ಮನಿ ಬಿಟ್ಟು ಹೊಕ್ಕಾರಂತ. ಮತ್ತ ಬೀಜಕ್ಕೂ ಹೊಗಿ ಬೇಕು."

ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಒಂದು ಪಟ್ಟು ಇದೆ. ಎದುರಾಳಿ ಎರಡು ಮಾತು ಹೇಳಿದರೆ, ಸಡಿಲವಾದದ್ದನ್ನು ಹಿಡಿದು ಎಳೆ. ಅದು ಬಿದ್ದರೆ ಗಟ್ಟಿಯಾದದ್ದೂ ಜೊತೆಗೇ ಬಿತ್ತೆಂದು ಸಭೆ ತಿಳಿಯುತ್ತದೆ. ನಾನು ಅದನ್ನೇ ಮಾಡಿದೆ. ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಕೈ ತಾನಾಗಿಯೇ ಹೋಗುವಂತೆ ನಾಲಗೆ ಹೋಯಿತು.

"ಅಲ್ಲಮ್ಮ, ನಿಮ್ಮ ಹಿರಿಯರು ಇರೋದು ಮಸಿಯೊಳಗಾ? ಅಷ್ಟು ವರ್ಷ ಹೊಗೆ ಕುಡಿದು ಸತ್ತವರು, ಸತ್ತ ಮೇಲಾದರೂ ಸ್ವಲ್ಪ ಗಾಳಿ ಬೇಡ ಅಂತಾರಾ? ಕೊಳವೆ ಹಾಕಿಸಿದರೆ ಅವರೇ ಬಂದು ನನಗೆ ಆಶೀರ್ವಾದ ಮಾಡಿ ಹೋಗ್ತಾರೆ, ನೋಡಿ."

ಮೊದಲು ಶಾಂತವ್ವ ನಕ್ಕಳು, ಆಮೇಲೆ ನೀಲವ್ವ. "ಖರೇನ ನೋಡು ಫಕೀರವ್ವ, ನಿಮ್ಮ ಮಾವ ಅಂತೂ ಕೆಮ್ಮಿ ಕೆಮ್ಮೀನ ಸತ್ತ" ಎಂದಳು ನೀಲವ್ವ. ಕೊನೆಗೆ ಫಕೀರವ್ವನೂ ಸೆರಗಿನೊಳಗೆ ನಕ್ಕರು. ಬೀಜದ ಮಾತು ಆ ನಗುವಿನಲ್ಲಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ತಿಳಿದಿತ್ತು. ಆ ಮಾತಿಗೆ ನಾನು ಉತ್ತರ ಕೊಟ್ಟಿಲ್ಲವೆಂಬುದು ಒಂದು ಕ್ಷಣ ಮನಸ್ಸಿಗೆ ಬಂದು ಹೋಯಿತು.

ಬೀಜ ಎಂದರೆ ಏನೆಂದು ನಿಮಗೆ ಹೇಳಬೇಕು. ಉಣ್ಣುವ ಜೋಳವನ್ನು ಇವರು ನೆಲದೊಳಗಿನ ಹಗೇವಿನಲ್ಲಿ ಸುರಿದು ಮುಚ್ಚುತ್ತಾರೆ. ಬಿತ್ತುವ ಜೋಳವನ್ನು ಮಾತ್ರ ತೆನೆಯಲ್ಲೇ ಉಳಿಸಿ, ಗೊಂಚಲು ಕಟ್ಟಿ, ಒಲೆಯ ಮೇಲಿನ ತೊಲೆಗೆ ತೂಗುಹಾಕುತ್ತಾರೆ. ಬಿತ್ತನೆಯ ಹೊತ್ತಿಗೆ ಅವು ಕರ್ರಗೆ ಇದ್ದಿಲಿನಂತಾಗಿರುತ್ತವೆ. ಫಕೀರವ್ವನ ಬೀಜ ಬೇವೂರಿನ ತಮ್ಮ ತವರಿನಿಂದ ಮದುವೆಯಲ್ಲಿ ಉಡಿಯಲ್ಲಿ ಕಟ್ಟಿಕೊಂಡು ಬಂದದ್ದು. ಅದರ ರೊಟ್ಟಿ ಎರಡನೆಯ ದಿನವೂ ಮೆತ್ತಗಿರುತ್ತದೆ. ಬಿತ್ತನೆಗೆ ಮುಂಚೆ ಓಣಿಯ ಹೆಂಗಸರು ಬಂದು ಅವರ ಕೈಯಿಂದ ಒಂದೊಂದು ಹಿಡಿ ಇಸಿದುಕೊಂಡು ಹೋಗಿ ತಮ್ಮ ಬೀಜದಲ್ಲಿ ಬೆರೆಸುತ್ತಿದ್ದರು. ಗಂಡ ಸತ್ತವಳನ್ನು ಶುಭಕಾರ್ಯಗಳಿಂದ ದೂರವಿಡುವ ಊರಿದು, ಈ ವಿಷಯದಲ್ಲಿ ಮೈಸೂರಿಗಿಂತ ಬೇರೆಯಲ್ಲ. ಆದರೂ ವಿಧವೆಯಾದ ಫಕೀರವ್ವನ ಹೊಲದಲ್ಲಿ, ಬಿತ್ತುವ ಕೂರಿಗೆಗೆ ಮೊದಲ ಹಿಡಿ ಬೀಜ ಬಿಡುವವರು ಫಕೀರವ್ವನೇ. ಅವರ ಬೀಜ ಎಂದೂ ಕೆಟ್ಟದ್ದಿಲ್ಲ, ಹಾಗಾಗಿ ಯಾರೂ ಬಾಯಿ ತೆಗೆದಿರಲಿಲ್ಲ.

ಒಲೆ ಕಟ್ಟಲು ಬಂದವರು ಗೌಂಡಿ ಹುಸೇನಸಾಬರು. ಗೌಂಡಿ ಎಂದರೆ ಕಲ್ಲು ಕಟ್ಟುವವರು. ಮೊದಲ ದಿನವೇ ಅವರೊಡನೆ ನನ್ನ ಜಗಳ. ಹಳ್ಳದ ಗುಂಡುಗಲ್ಲು ಚೆಂದವಿದೆ, ಅದನ್ನೇ ತನ್ನಿ ಎಂದೆ.

"ಅವು ನೀರು ಕುಡದ ಕಲ್ಲು ರೀ ಅಕ್ಕೋರ. ಬೆಂಕಿ ತಾಗಿದ್ರ ಸಿಡಿತಾವ. ನಿಮ್ಮ ಕನ್ನಡ ಕೇಳೂದಿಲ್ಲ ಅವು."

ಅವರು ಗುಡ್ಡದ ಬುಡದಿಂದ ಕಲ್ಲು ತಂದು, ಹಿತ್ತಲಲ್ಲಿ ಕುಳ್ಳಿನ ಬೆಂಕಿಯಲ್ಲಿ ಒಂದಿಡೀ ದಿನ ಕಾಯಿಸಿದರು. ಆರಿದ ಮೇಲೆ ಒಂದೊಂದನ್ನೇ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಬಿರುಕು ಬಿಟ್ಟವು ಅತ್ತ ಹೋದವು, ಉಳಿದವು ಒಲೆಗೆ. ಬಿದ್ದ ಗೋಡೆಯ ಹಳೆಯ ಮಣ್ಣಿಗೆ ಹೊಟ್ಟು ಕಲಸಿ ಮೂರು ದಿನ ತುಳಿದರು. ಕೊಳವೆಯನ್ನು ನೇರ ಮಾಳಿಗೆಯಲ್ಲಿ ತೂತು ಹೊಡೆದು ಮೇಲೆತ್ತಿ ಎಂದೆ. ಅದೇ ಸಮೀಪದ ದಾರಿ ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ.

"ಸಮೀಪ ಐತ್ರಿ. ಮಳಿಗೂ ಸಮೀಪ ಆಕ್ಕೈತಿ. ಈ ಮಾಳಿಗಿ ನಾ ತೂತು ಹೊಡ್ಯಾಂಗಿಲ್ಲ. ಇರೂ ಬೆಳಕಿಂಡಿ ಒಳಗ ಒಂದು ಮಗ್ಗಲಾಗಿಂದ ಒಯ್ತೀನಿ."

ಇಲ್ಲಿ ನಾನು ಸೋತೆ. ಸೋತದ್ದು ಒಳ್ಳೆಯದೇ ಆಯಿತು. ಕಂಬಾರನು ರಸ್ತೆಯವರು ಬಿಟ್ಟುಹೋಗಿದ್ದ ಡಾಂಬರಿನ ಪೀಪಾಯಿಯನ್ನು ಸೀಳಿ ಕೊಳವೆ ಬಾಗಿಸಿದ, ದಪ್ಪ ತಗಡಿನಲ್ಲಿ ಎರಡು ತೂತು ಕೊರೆದ. ಮೊದಲ ದಿನ ಬೆಂಕಿ ಹಾಕಿದರೆ ಹೊಗೆಯೆಲ್ಲ ತಿರುಗಿ ನಮ್ಮ ಮುಖಕ್ಕೇ ಬಂತು. ನೀಲವ್ವ ಬಾಗಿಲಲ್ಲಿ ನಿಂತು "ಅಕ್ಕೋರ, ಕೊಡ ತರ್ಲೇನ್ರಿ?" ಎಂದಳು. ಹುಸೇನಸಾಬರು ಗಾಬರಿಯಾಗಲಿಲ್ಲ. ಒಂದು ಹಿಡಿ ಒಣಹುಲ್ಲನ್ನು ಕೊಳವೆಯ ಬುಡಕ್ಕೆ ತುರುಕಿ ಹೊತ್ತಿಸಿ, "ಮೊದಲ ಕೊಳವಿ ಕಾಯಬೇಕ್ರಿ, ತಣ್ಣಗಿದ್ರ ಅದು ಎಳಿಯೂದಿಲ್ಲ" ಎಂದರು. ಹುಲ್ಲು ಭರ್ರೆಂದು ಉರಿಯಿತು. ಕೊಳವೆ ಒಮ್ಮೆ ಗುಟುರು ಹಾಕಿತು. ಅಡಿಗೆಮನೆಯ ಹೊಗೆ ಸರಸರನೆ ಒಲೆಯೊಳಗೆ ನುಗ್ಗಿ ಹೋಯಿತು. ಶಾಂತವ್ವ ತಲೆಯೆತ್ತಿ ಮಾಳಿಗೆಯನ್ನು ನೋಡಿದಳು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಒಲೆ ಉರಿಯುವಾಗ ತೊಲೆ ಕಂಡದ್ದು ಅದೇ ಮೊದಲಂತೆ.

ರೊಟ್ಟಿಗಳು ಒಂದು ವಾರ ಚರ್ಮದಂತೆ ಬಂದವು. ಆಮೇಲೆ ಅವಳ ಕೈ ಹೊಸ ಒಲೆಗೆ ಹೊಂದಿತು. ಎರಡು ತಿಂಗಳಲ್ಲಿ ಗೋಡೆಯಾಚೆಯ ಕೆಮ್ಮು ನಿಂತಿತು. ನನಗೂ ರೊಟ್ಟಿ ಬಡಿಯಲು ಬಂತು, ಗುಂಡಗಲ್ಲದಿದ್ದರೂ ಒಂದು ಆಕಾರಕ್ಕೆ. ಶಾಲೆಯ ಹುಡುಗಿಯರು ನಾನು "ಹೌದ್ರೆವಾ" ಎಂದರೆ ನಗುವುದನ್ನು ಬಿಟ್ಟರು. ಒಂದು ದಿನ ಮೇಲೆ ತೂಗುತ್ತಿದ್ದ ತೆನೆಗಳನ್ನು ತೋರಿಸಿ, "ನೋಡಿ ಅವ್ವಾ, ಈ ವರ್ಷ ನಿಮ್ಮ ಬೀಜ ಮಸಿ ಹಿಡಿಯದೆ ಬಂಗಾರದ ಹಾಗಿದೆ" ಎಂದು ಹೆಮ್ಮೆಪಟ್ಟೆ. ಫಕೀರವ್ವನೂ ನೋಡಿದರು. "ಹೌದ್ರಿ, ಛಲೋ ಕಾಣ್ತಾವ" ಎಂದರು.

ಉತ್ತರೆ ಮಳೆ ಬಿದ್ದು ಹೊಲ ಹದವಾದಾಗ ತೆನೆಗಳನ್ನು ಇಳಿಸಿದರು. ನಾನು ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಫಕೀರವ್ವ ಮೊದಲ ಗೊಂಚಲನ್ನು ಮೊರಕ್ಕೆ ತಟ್ಟಿದರು. ಕಾಳಿಗಿಂತ ಮುಂಚೆ ಹಿಟ್ಟು ಉದುರಿತು, ಬಿಳಿಯ ನುಣ್ಣನೆಯ ಹಿಟ್ಟು. ಅದರ ಹಿಂದೆ ನುಸಿಗಳು ಹರಿದಾಡುತ್ತ ಹೊರಬಂದವು. ಎರಡನೆಯ ಗೊಂಚಲು ತಟ್ಟಿದರು, ಮೂರನೆಯದು ತಟ್ಟಿದರು. ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಸಿಪ್ಪೆ ಮಾತ್ರ.  ನನ್ನ ಕಿವಿಯಲ್ಲಿ ಬೀಜಕ್ಕೂ ಹೊಗೆ ಬೇಕೆಂಬ ಅವರ ಎರಡನೆಯ ಕಾರಣ ಅವರದೇ ದನಿಯಲ್ಲಿ ಕೇಳಿತು.

ನೀಲವ್ವ ತನ್ನ ಹಿಡಿ ಬೀಜಕ್ಕಾಗಿ ಮೊರ ತಂದಿದ್ದಳು. ನೋಡಿದಳು, ಮೊರವನ್ನು ಮಗ್ಗುಲಿಗೆ ತಿರುಗಿಸಿಕೊಂಡು ಹೊರಟಳು. ಬಾಗಿಲಾಚೆ ಯಾರಿಗೋ ಹೇಳಿದ್ದು ಒಳಗೆ ಕೇಳಿತು: "ಗಂಡ ಸತ್ತಾಕಿ ಕೈ ಎಷ್ಟ ವರ್ಷ ನಡದೀತು ಬಿಡು. ಇಷ್ಟು ದಿನ ನಡದದ್ದ ಹೆಚ್ಚು."

ಫಕೀರವ್ವನಿಗೂ ಕೇಳಿತು. ಮೊರದ ಮೇಲಿನ ತಮ್ಮ ಎರಡೂ ಕೈ ನೋಡಿಕೊಂಡರು. "ಖರೇ ಇರಬೇಕು" ಎಂದರು.

ನಾನು ಬಾಯಿ ತೆಗೆಯಬೇಕಾದ ಜಾಗ ಇದೇ. ಮೂಢನಂಬಿಕೆಯ ಮೇಲೆ ಹತ್ತು ನಿಮಿಷ ನಿಲ್ಲದೆ ಮಾತಾಡಿ ಬೆಳ್ಳಿ ಬಟ್ಟಲು ಗೆದ್ದವಳ ಎದುರಿಗೆ ಮೂಢನಂಬಿಕೆ ಒಬ್ಬ ಹೆಂಗಸಿನ ಕೊರಳು ಹಿಡಿದು ಕೂತಿತ್ತು. ನಾನು ಗಡಿಯಾರ ನೋಡಿಕೊಂಡು ಶಾಲೆಗೆ ಹೋದೆ. ದಾರಿಯುದ್ದಕ್ಕೂ ನನ್ನ ಪರವಾಗಿ ವಾದ ಹೂಡಿದೆ. ಈಗ ಹೇಳಿದರೆ ಕೊಳವೆ ಕಿತ್ತುಹಾಕುತ್ತಾರೆ, ಶಾಂತವ್ವನ ಕೆಮ್ಮು ಮರಳುತ್ತದೆ. ನನ್ನನ್ನು ಯಾರೂ ದೂರಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಏಕೆ? ಒಂದು ವರ್ಷದ ನುಸಿಗೆ ಬೇರೆ ಕಾರಣಗಳೂ ಇರಬಹುದು. ಎಲ್ಲ ಅಂಶಗಳೂ ಚೊಕ್ಕವಾಗಿದ್ದವು. ಅಷ್ಟು ಚೊಕ್ಕವಾಗಿದ್ದುದರಿಂದಲೇ ಅವು ಚರ್ಚಾಕೂಟದ ಪಟ್ಟುಗಳೆಂದು ನನಗೆ ಗುರುತು ಸಿಕ್ಕಿತು. ಊರಿನವರ ನಂಬಿಕೆ ನನ್ನ ತಪ್ಪಿನ ಮೇಲೆ ಹೊದಿಕೆ ಹೊದಿಸಿತ್ತು, ನಾನು ಅದರೊಳಗೆ ಬೆಚ್ಚಗೆ ಕೂತಿದ್ದೆ.

ಮರುದಿನ ಫಕೀರವ್ವ ಖಾಲಿ ಬುಟ್ಟಿ ಹಿಡಿದು ನೀಲವ್ವನ ಮನೆಗೆ ಬೀಜ ಕೇಳಲು ಹೋದರು. ಇಷ್ಟು ವರ್ಷ ಕೊಟ್ಟ ಕೈ ಅದು. ನೀಲವ್ವ ಇಲ್ಲವೆನ್ನಲಿಲ್ಲ. ಕೊಟ್ಟಳು, ತುಂಬ ಒಳ್ಳೆಯ ಮಾತಾಡಿ ಕೊಟ್ಟಳು. ಅದನ್ನು ನೋಡುವುದು ಕಷ್ಟವಾಯಿತು. ಬಿತ್ತನೆಯ ಮುಂಜಾನೆ ಫಕೀರವ್ವ ಬೀಜದ ಬಟ್ಟಲನ್ನು ತಾವಾಗಿಯೇ ಶಾಂತವ್ವನ ಕೈಗೆ ಕೊಟ್ಟು, "ನೀ ಬಿಡವಾ. ನೀ ಮುತ್ತೈದಿ" ಎಂದರು. ಕೂರಿಗೆ ಹೊಲಕ್ಕೆ ಹೋಯಿತು. ಅವರು ಮನೆಯಲ್ಲಿ ಉಳಿದರು, ಹೊಗೆಯಿಲ್ಲದ ಅಡಿಗೆಮನೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ. ನಾನು ಅಂದೂ ಶಾಲೆಗೆ ಹೋದೆ.

ಮೂರು ದಿನ ಕಳೆಯಿತು. ನಾಲ್ಕನೆಯ ಸಂಜೆ ಫಕೀರವ್ವ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕೂತು ಹೇಳಿದೆ.

"ಅವ್ವಾ, ಬೀಜ ಕೆಟ್ಟದ್ದು ನಿಮ್ಮ ಕೈಯಿಂದ ಅಲ್ಲ. ಹೊಗೆ ಇಲ್ಲದ್ದರಿಂದ. ಕೊಳವೆಯಿಂದ."

ರೊಟ್ಟಿಯ ಮೇಲಿನ ಕೈ ನಿಂತಿತು. "ನಾ ಅಂದಿದ್ನಲ್ಲ, ಬೀಜಕ್ಕ ಹೊಗಿ ಬೇಕಂತ?"

"ಅಂದಿದ್ದಿರಿ. ನಾನು ಕೇಳಿಸಿಕೊಂಡೂ ಅದಕ್ಕೆ ಉತ್ತರ ಕೊಡಲಿಲ್ಲ."

"ನೀವು ನಗಿಸಿದ್ರಿ. ನಾ ನಕ್ಕೊಂತ ಮರತೆ."  ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. "ತೆನಿ ಇಳಿಸಿದ ದಿನ ಇದು ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಬಿತ್ತೂ ದಿನ?"

"ಆಗಲೂ ಗೊತ್ತಿತ್ತು."

"ಮತ್ತ ಈಗ್ಯಾಕ ನನ್ನ ಮುಂದ ಹೇಳ್ತೀರಿ? ನನ್ನ ಹೊಟ್ಟಿ ತಂಪಾಗಲಿ ಅಂತೋ, ನಿಮ್ಮದು ತಂಪಾಗಲಿ ಅಂತೋ? ನಾ ಏನು ಓಣ್ಯಾಗ ಡಂಗುರಾ ಹೊಡಕೊಂತ ಹೋಗ್ಲೇನು? ಹೋಗ್ರಿ, ಆ ನೀಲವ್ವನ ಮುಂದ ಹೇಳ್ರಿ."

ಮಾರನೆಯ ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ, ನೀಲವ್ವನ ಜೊತೆಗೆ ಇನ್ನೂ ನಾಲ್ಕೈದು ಹೆಂಗಸರಿದ್ದಾಗ, ಎಲ್ಲವನ್ನೂ ಹೇಳಿದೆ. ಹೊಗೆಯಿದ್ದರೆ ನುಸಿ ಬರುವುದಿಲ್ಲ, ಕೊಳವೆ ಹೊಗೆಯನ್ನು ಹೊರಗೆ ಒಯ್ದಿತು, ಕೊಳವೆ ಹಾಕಿಸಿದವಳು ನಾನು, ಅವರು ಎಚ್ಚರಿಸಿದರೂ ಕೇಳದವಳು ನಾನು. ಇಷ್ಟು ಪ್ರಾಮಾಣಿಕವಾಗಿ ನಾನು ಯಾವ ಸಭೆಯಲ್ಲೂ ಮಾತಾಡಿರಲಿಲ್ಲ.

ನೀಲವ್ವ ಹಗ್ಗ ಬಿಟ್ಟು ನನ್ನ ಗಲ್ಲ ಮುಟ್ಟಿದಳು. "ನಿಮ್ಮ ಹೊಟ್ಯಾಗ ಎಷ್ಟು ದಯಾ ಐತ್ರಿ ಅಕ್ಕೋರ!"

"ದಯೆ ಅಲ್ಲ ನೀಲವ್ವ, ನಿಜ."

"ಇರಲಿ ಬಿಡ್ರಿ. ಮುದುಕಿ ಮರ್ಯಾದಿ ಸಲುವಾಗಿ ತಪ್ಪು ಮೈಮ್ಯಾಲ ಹಾಕ್ಕೊಂಡ್ರಿ. ನೀವು ಮನಸ್ಸು ಮಾಡಿದ್ರ ಎಮ್ಮೀನ ಆಕಳಾ ಮಾಡ್ತೀರಿ, ನಮಗ ಗೊತ್ತಿಲ್ಲೇನು? ಅವತ್ತು ಹಿರಿಯಾರ್ನ ಹೆಂಗ ಮಾತಾಡಿಸಿದ್ರಿ!"

ಉಳಿದವರೂ ಹೌದು ಹೌದು ಎಂದರು. ಹತ್ತು ತೆನೆ ಹೊಗೆಯಲ್ಲಿ, ಹತ್ತು ತೆನೆ ಬಯಲಲ್ಲಿ ಕಟ್ಟಿ ಪರೀಕ್ಷೆ ಮಾಡೋಣ ಎಂದೆ. "ಆತ್ರಿ, ಮಾಡೂಣು" ಎಂದು ಕೊಡ ಎತ್ತಿಕೊಂಡು ಹೋದರು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆ ಬೇಕಾದಷ್ಟು ಕೇಳಿದ್ದೇನೆ. ನಿಜ ಹೇಳಿ ಪುಣ್ಯವಂತೆ ಎನ್ನಿಸಿಕೊಂಡು ತಪ್ಪಿಸಿಕೊಳ್ಳಲಾಗದವರ ಕಥೆ ಕೇಳಿರಲಿಲ್ಲ.

ಮನೆಗೆ ಬಂದು, ಕೊಳವೆ ತೆಗೆಸಿಬಿಡೋಣ ಎಂದು ನಾನೇ ಹೇಳಿದೆ. ಎದುರು ನಿಂತವಳು ಶಾಂತವ್ವ. ಅತ್ತೆಯ ಮುಂದೆ ಅವಳು ದನಿ ಎತ್ತಿದ್ದನ್ನು ಅಂದೇ ಕೇಳಿದ್ದು. "ಬೀಜಕ್ಕ ಹೊಗಿ ಬೇಕಾದ್ರ ಬೀಜಕ್ಕ ಹಾಕ್ರಿ. ನನ್ನ ಎದಿಗೆ ಬ್ಯಾಡ. ಕೊಳವಿ ಕಿತ್ತ ದಿನ ನಾ ತವರ ಮನಿ ಹಾದಿ ಹಿಡಿತೀನಿ." ಫಕೀರವ್ವ ಸೊಸೆಯನ್ನು ಬಹಳ ಹೊತ್ತು ನೋಡಿ, "ಕೀಳೂದಿಲ್ಲ, ಸುಮ್ಕಿರು" ಎಂದರು.

ಆಮೇಲೆ ನಾವಿಬ್ಬರೂ ಕೂತು ಆ ಹಾಳಾದ ತೆನೆಗಳಲ್ಲಿ ತೂತಿಲ್ಲದ ಕಾಳುಗಳನ್ನು ಆರಿಸಿದೆವು, ಫಕೀರವ್ವ ಮತ್ತು ನಾನು, ಐದು ಸಂಜೆ.  ನಾನು ಆರಿಸಿದ್ದನ್ನು ಅವರು ಮತ್ತೊಮ್ಮೆ ತಮ್ಮ ಅಂಗೈಯಲ್ಲಿ ಹರಡಿ ನೋಡುತ್ತಿದ್ದರು. ನಾಲ್ಕು ಸಾಲಿಗಾಗುವಷ್ಟು ಸಿಕ್ಕಿತು. ಹೊಲದ ಮೂಲೆಯಲ್ಲಿ ಬಿಟ್ಟಿದ್ದ ಒಂದು ತುಂಡು ನೆಲದಲ್ಲಿ ಅದನ್ನು ತಡವಾಗಿ ಊರಿದರು. ತಮ್ಮ ಕೈಯಿಂದಲೇ ಊರಿದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಈ ಸುಗ್ಗಿಯಲ್ಲಿ ಆ ನಾಲ್ಕು ಸಾಲು ಬಂದಿದೆ. ತೆನೆ ಚಿಕ್ಕವು, ಆದರೆ ಕಾಳು ಗಟ್ಟಿ. ಅವನ್ನು ತೂಗುಹಾಕಲು ನಮ್ಮ ಮನೆಯಲ್ಲಿ ಹೊಗೆಯಿಲ್ಲ. ಸುದ್ದಿ ತಿಳಿದ ಹುಸೇನಸಾಬರು ಬಂದು, "ನಮ್ಮ ಮನ್ಯಾಗ ಬೇಕಾದಷ್ಟು ಐತ್ರಿ ಹೊಗಿ. ಇಷ್ಟು ವರ್ಷ ಎದಕ್ಕೂ ಬರಲಿಲ್ಲ ಅದು, ನಿಮ್ಮ ಬೀಜಕ್ಕರ ಬರಲಿ" ಎಂದು ನಕ್ಕರು. ಈಗ ಫಕೀರವ್ವನ ತವರಿನ ಬೀಜ ಹುಸೇನಸಾಬರ ಒಲೆಯ ಮೇಲಿದೆ. ಮೊನ್ನೆ ನೋಡಲು ಹೋಗಿದ್ದೆ. ಹುಸೇನಸಾಬರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಸುಡುತ್ತಿದ್ದರು. ಇಲ್ಲಿಯೂ ಒಂದು ಕೊಳವೆ ಹಾಕಿಸಬಹುದಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು, ತಲೆಯೆತ್ತಿ ತೆನೆ ನೋಡಿದೆ. ಊರೆಲ್ಲಕ್ಕೆ ಒಲೆ ಕಟ್ಟುವವರ ಮನೆಯ ಹೊಗೆ ಈಗ ನಮಗಾಗಿ ಉಳಿಯಬೇಕು. ಒಬ್ಬಳ ಕಣ್ಣಿಂದ ತೆಗೆದದ್ದನ್ನು ಇನ್ನೊಬ್ಬಳ ಕಣ್ಣಿಗೆ ಹಾಕಿ ಬಂದ ಹಾಗಾಯಿತು. ಇದಕ್ಕೆ ನನ್ನ ಹತ್ತಿರ ವಾದವಿಲ್ಲ.

ತೆನೆ ಕಟ್ಟಿದ ದಿನ ನೀಲವ್ವ ಬಂದಿದ್ದಳು. ಫಕೀರವ್ವ ಅಲ್ಲೇ ಕೂತಿದ್ದರೂ ನನ್ನ ಕಡೆಗೆ ತಿರುಗಿ ಕೇಳಿದಳು. "ಅಕ್ಕೋರ, ಬರೂ ಬಿತ್ತಿಗಿಗೆ ನಮಗೊಂದು ಹಿಡಿ ಕೊಡ್ರಿ. ನಿಮ್ಮ ಕೈಲೇ ಕೊಡ್ರಿ. ಮದುವಿ ಆಗದ ಕನ್ನಿ ಕೈ ಅದು, ದಯಾ ಇರೂ ಕೈ."

ಯಾವುದರಲ್ಲೂ ನಂಬಿಕೆಯಿಲ್ಲದ ನನ್ನ ಕೈ! ಫಕೀರವ್ವ ತೆನೆಗೆ ಹುರಿ ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ. ಆದರೆ ಹುರಿ ಸುತ್ತುವುದು ನಿಂತಿತ್ತು.

"ಬೀಜ ಅವರದು" ಎಂದೆ. "ಕೆಡಿಸಿದ ಕೈ ನನ್ನದು. ಬೇಕಾದ್ರ ಅವರ ಕೈಲೇ ಇಸ್ಕೋ, ಇಲ್ಲಾಂದ್ರ ಬ್ಯಾಡ."

ನೀಲವ್ವನ ಮುಖ ಚಿಕ್ಕದಾಯಿತು. ಹೋಗಿಬಿಟ್ಟಳು. ಫಕೀರವ್ವ ಹುರಿ ಬಿಗಿದು ಹಲ್ಲಿನಿಂದ ತುಂಡರಿಸಿದರು.

"ಬೀಜ ಕೇಳಿ ಬಂದ ಒಬ್ಬಾಕೀನೂ ಓಡಿಸಿದ್ರಿ" ಎಂದರು. ಅಷ್ಟೇ. ಬೈದದ್ದೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಅಂದು ಅವರು ನನ್ನ ತಾಟಿಗೆ ಎರಡನೆಯ ರೊಟ್ಟಿಯನ್ನು ಕೇಳದೆಯೇ ಹಾಕಿದರು, ತಿಂಗಳುಗಳಾದ ಮೇಲೆ.

ಈ ನಡುವೆ ಅಮ್ಮನ ಕಾಗದ ಬಂದಿದೆ. ಮೈಸೂರಿನ ಒಂದು ಶಾಲೆಯಲ್ಲಿ ಜಾಗ ಖಾಲಿಯಿದೆಯಂತೆ. ವರಗಳ ಮಾತೆತ್ತುವುದಿಲ್ಲ ಎಂದು ಆಣೆ ಇಟ್ಟಿದ್ದಾಳೆ. ಓದುತ್ತಿದ್ದಾಗ ನಮ್ಮ ಬೀದಿಯ ನಲ್ಲಿಯ ಸದ್ದು, ಬೆಳಗಿನ ಕಾಫಿಯ ಘಮ, ಯಾರೂ ನನ್ನ ಮಾತಿಗೆ ನಗದ ಊರು, ಎಲ್ಲ ಒಟ್ಟಿಗೆ ಬಂದವು. ಆದರೂ ಹೀಗೆ ಬರೆದೆ: ಮುಂದಿನ ಉತ್ತರೆ ಮಳೆಯವರೆಗೆ ಬರಲಾರೆ, ಆಗ ಫಕೀರವ್ವನ ಬಾಗಿಲಿಗೆ ಬೀಜ ಕೇಳಿಕೊಂಡು ಯಾರಾದರೂ ಬರುತ್ತಾರೆಯೇ ಎಂದು ನೋಡಬೇಕು. ಅದಕ್ಕೆ ಅಮ್ಮನ ಮರುಟಪಾಲು ನಿನ್ನೆ ತಲುಪಿತು, ಎರಡೇ ಸಾಲು. "ಯಾರದೋ ಮನೆಯ ಜೋಳಕ್ಕೆ ನೀನೇಕೆ ಕಾಯಬೇಕು? ಆ ಹೆಂಗಸು ನಿನಗೇನಾಗಬೇಕು?"

ನ್ಯಾಯವಾದ ಪ್ರಶ್ನೆ. ಮನೆಯೊಡತಿ ಎಂದು ಬರೆದು ಹೊಡೆದುಹಾಕಿದೆ. ಅವ್ವ ಎಂದು ಬರೆದರೆ ಅಮ್ಮ ಅಳುತ್ತಾಳೆ, ಅಲ್ಲದೆ ಹಾಗೆ ಬರೆಯುವ ಹಕ್ಕನ್ನು ನಾನು ತೆನೆ ಇಳಿಸಿದ ದಿನವೇ ಕಳೆದುಕೊಂಡೆ. ಕೊನೆಗೆ ಫಕೀರವ್ವನನ್ನೇ ಕೇಳಿದೆ, ಏನೆಂದು ಬರೆಯಲಿ ಎಂದು.

ಅವರು ಹಿಟ್ಟು ನಾದುತ್ತಿದ್ದರು. "ಬಿತ್ತೂ ತನಕ ಏನೂ ಬರೀಬ್ಯಾಡ್ರಿ" ಎಂದರು.

ಕಾಗದ ನನ್ನ ಮುಂದಿದೆ. ಮೇಲೆ ಬಲಗಡೆ ‘ಯಲಬುರ್ಗಾ’ ಎಂದು ಬರೆದಿದ್ದೇನೆ, ಅದರ ಕೆಳಗೆ ‘ಅಮ್ಮನಿಗೆ’ ಎಂದು. ಉಳಿದದ್ದೆಲ್ಲ ಖಾಲಿ.